ಆಟಿಯಲ್ಲಿ ನೋಡಿದ ಮನೆ

ಕಂಪನಿಯವರು ‘ಇನ್ನು ಮುಂದೆ ಎಲ್ಲಿಂದ ಬೇಕಾದರೂ ಕೆಲಸ ಮಾಡಬಹುದು’ ಎಂದು ತಿಳಿಸಿದ ದಿನವೇ ನಾನು ಬೆಂಗಳೂರು ಬಿಟ್ಟು ಮಂಗಳೂರಿಗೆ ಬರುವುದೆಂದು ನಿಶ್ಚಯಿಸಿದೆ. ‘ಎಲ್ಲಿಂದ ಬೇಕಾದರೂ’ ಎಂಬ ಮಾತು ಕೇಳುವುದಕ್ಕೆ ಉದಾರವಾಗಿದೆ. ಮನೆ ಹುಡುಕಹೊರಟವನಿಗೆ ಮಾತ್ರ ಅದರಷ್ಟು ಮಂಡೆಬಿಸಿ ಬೇರೆ ಇಲ್ಲ. ಕಚೇರಿಗೆ ಹೋಗುವವನು ಕಚೇರಿಗೆ ಹತ್ತಿರದ ಮನೆ ಹಿಡಿಯುತ್ತಾನೆ, ಮಕ್ಕಳಿರುವವನು ಶಾಲೆಗೆ ಹತ್ತಿರದ್ದನ್ನು ನೋಡುತ್ತಾನೆ. ನಾನು ಯಾವುದಕ್ಕೆ ಹತ್ತಿರವಿರಬೇಕು ಎಂದು ಬಹಳ ಯೋಚಿಸಿ, ಯಾವುದಕ್ಕೂ ಹತ್ತಿರವಿರಬಾರದು ಎಂಬ ತೀರ್ಮಾನಕ್ಕೆ ಬಂದೆ. ದಿನಕ್ಕೆ ನಾಲ್ಕು ಮೀಟಿಂಗ್ ಇರುವವನಿಗೆ ಬೇಕಾದದ್ದು ನಿಶ್ಶಬ್ದವಲ್ಲದೆ ಮತ್ತೇನು?

ಹೀಗಾಗಿ ಜುಲೈ ತಿಂಗಳ ಕೊನೆಯಲ್ಲಿ, ಕೈಯಲ್ಲಿ ಕೊಡೆಯನ್ನೂ ಮೊಬೈಲಿನಲ್ಲಿ ಸದ್ದು ಅಳೆಯುವ ಒಂದು ಆ್ಯಪನ್ನೂ ಹಿಡಿದುಕೊಂಡು ಬೀದಿ ಬೀದಿ ಸುತ್ತಿದೆ. ಹಂಪನಕಟ್ಟೆಯಲ್ಲಿ ಮೊಬೈಲನ್ನು ಜೇಬಿನಿಂದ ತೆಗೆಯುವ ಅಗತ್ಯವೇ ಬೀಳಲಿಲ್ಲ. ‘ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್’ ಎಂದು ಕೂಗುವ ಬಸ್ಸಿನ ಕಂಡಕ್ಟರುಗಳೇ ಉತ್ತರ ಕೊಟ್ಟುಬಿಟ್ಟರು. ಬಿಜೈಯಲ್ಲಿ ಬಸ್ ನಿಲ್ದಾಣ, ಕಂಕನಾಡಿಯಲ್ಲಿ ಆಂಬುಲೆನ್ಸ್, ಬಜ್ಪೆಯ ಕಡೆಗೆ ವಿಮಾನ. ಸುರತ್ಕಲ್ಲಿನಲ್ಲಿ ಕಡಲು ಕಾಣುವ ಮನೆಯೊಂದು ಮನಸ್ಸಿಗೆ ಹಿಡಿಸಿತ್ತು, ಆದರೆ ಕಿಟಕಿಯ ಸರಳನ್ನು ಮುಟ್ಟಿದಾಗ ಅದರ ಅರ್ಧ ಭಾಗ ತುಕ್ಕಾಗಿ ಕೈಗೇ ಬಂದದ್ದರಿಂದ, ನನ್ನ ಲ್ಯಾಪ್‌ಟಾಪಿನ ಆಯುಸ್ಸನ್ನು ನೆನೆದು ಹಿಂದಿರುಗಿದೆ. ಕದ್ರಿಯಲ್ಲಿ ನೋಡಿದ ಮನೆ ಟೆರೇಸಿನ ಮೇಲೆ ತಗಡಿನ ಶೀಟು ಹೊದೆಸಿ ಮಾಡಿದ್ದು. ನಾವು ಒಳಗಿದ್ದಾಗಲೇ ಮಳೆ ಹಿಡಿಯಿತು. ಬ್ರೋಕರ್ ಬಾಡಿಗೆಯ ಮೊತ್ತವನ್ನು ಮೂರು ಸಲ ಕೂಗಿ ಹೇಳಿದರೂ ಕೇಳಿಸಲಿಲ್ಲ. ನಾಲ್ಕನೆಯ ಸಲ ಕೇಳಿಸಿದಾಗ ಮಳೆಯ ಸದ್ದೇ ವಾಸಿಯೆನಿಸಿತು.

ಕೊನೆಗೆ ಮಣ್ಣಗುಡ್ಡದ ಒಂದು ಅಡ್ಡರಸ್ತೆಯಲ್ಲಿ, ಮಳೆ ಹೊಳವಾಗಿದ್ದ ಒಂದು ಬೆಳಿಗ್ಗೆ, ನನ್ನ ಆ್ಯಪಿನ ಮುಳ್ಳು ಅಲ್ಲಾಡದೆ ನಿಂತಿತು. ಮೂರು ದಿನ ಬೇರೆ ಬೇರೆ ಹೊತ್ತಿನಲ್ಲಿ ಹೋಗಿ ಅಳೆದೆ. ಹಲಸಿನ ಮರದಿಂದ ತೊಟ್ಟಿಕ್ಕುವ ನೀರಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಮನೆಯೊಡತಿಗೆ ನನ್ನ ಉದ್ಯೋಗದ ಬಗ್ಗೆ ಸ್ವಲ್ಪ ಅನುಮಾನವಿತ್ತು. “ಇಡೀ ದಿನ ಮನೆಯಲ್ಲೇ ಕೂತುಕೊಳ್ಳುವುದಾ? ಹಾಗಾದರೆ ಕೆಲಸಕ್ಕೆ ಹೋಗುವುದು ಯಾವಾಗ?” ಎಂದು ಎರಡು ಸಲ ವಿಚಾರಿಸಿದರು. ಅಡ್ವಾನ್ಸ್ ತೆಗೆದುಕೊಂಡರಾದರೂ ಕೂಡಲೇ ಬೀಗದ ಕೈ ಕೊಡಲು ಒಪ್ಪಲಿಲ್ಲ. “ಈಗ ಆಟಿ ಅಲ್ವಾ ಮಾರಾಯ್ರೆ, ಆಟಿಯಲ್ಲಿ ಯಾರಾದರೂ ಹೊಸ ಮನೆಗೆ ಬರುತ್ತಾರಾ? ಸೋಣ ತಿಂಗಳು ಶುರುವಾಗಲಿ” ಎಂದರು. ನಾನು ಅದನ್ನು ಶಾಸ್ತ್ರದ ಮಾತೆಂದು ಮಾತ್ರ ತಿಳಿದು, ಆಗಸ್ಟ್ 17ರ ನಂತರದ ಒಂದು ದಿನಕ್ಕೆ ಸಾಮಾನು ಸಾಗಿಸುವ ಏರ್ಪಾಡು ಮಾಡಿಕೊಂಡೆ.

ತುಳುವರ ಆಟಿಯೆಂದರೆ ಇಡೀ ಊರೇ ಬಾಯಿ ಮುಚ್ಚಿಕೊಂಡಿರುವ ತಿಂಗಳು ಎಂಬುದು ನನಗೆ ಯಾರೂ ಹೇಳದೆ ಉಳಿದ ಸಂಗತಿ. ಆ ತಿಂಗಳಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಕೋಲ ನೇಮಗಳಿಲ್ಲ. ಯಕ್ಷಗಾನದ ಮೇಳಗಳು ಮೇ ತಿಂಗಳಲ್ಲಿ, ಆಟ ಉತ್ಸವಗಳಿಗೆ ತೆರೆ ಬೀಳುವ ಪತ್ತನಾಜೆಯ ದಿನವೇ ಗೆಜ್ಜೆ ಬಿಚ್ಚಿರುತ್ತವೆ. ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲವಾದ್ದರಿಂದ ಮೀನಿನ ಸ್ಕೂಟರುಗಳೂ ಅಪರೂಪ. ನಿದ್ದೆ ಮಾಡುತ್ತಿದ್ದ ಮನುಷ್ಯನ ಮುಖ ನೋಡಿ, ಎಂಥ ಸಾಧು ಎಂದು ಹೆಣ್ಣು ಕೊಟ್ಟವನ ಸ್ಥಿತಿ ನನ್ನದಾಯಿತು.

ಮನೆ ಹೊಕ್ಕ ಮರುದಿನ ಬೆಳಿಗ್ಗೆ ಒಂಬತ್ತೂವರೆಯ ಮೀಟಿಂಗಿನಲ್ಲಿ ಮ್ಯಾನೇಜರ್ ಒಂದು ಕೆಲಸದ ಅವಧಿಯ ಲೆಕ್ಕ ಹಾಕುತ್ತಿದ್ದರು. ಅದೇ ಹೊತ್ತಿಗೆ ‘ಪೋಂ ಪೋಂ’ ಎಂದು ಹಾರ್ನ್ ಒತ್ತುತ್ತ ಮೀನಿನ ಸ್ಕೂಟರು ನನ್ನ ಕಿಟಕಿಯ ಕೆಳಗೆ ಬಂದು ನಿಂತಿತು. “ಹದಿನೈದು ದಿನದಲ್ಲಿ ಮುಗಿಸಬಹುದೇ?” ಎಂದು ಮ್ಯಾನೇಜರ್ ಕೇಳುವುದಕ್ಕೂ, ನಾನು ಉತ್ತರಿಸಲು ಮ್ಯೂಟ್ ತೆಗೆಯುವುದಕ್ಕೂ, ಬಂಗುಡೆಯ ಕ್ರಯ ಕೇಳಿ ಕೆರಳಿದ ಮನೆಯೊಡತಿ “ಆಪುಜಿ! ಆಪುಜಿ!” ಎಂದು ಗದರುವುದಕ್ಕೂ ಸರಿಹೋಯಿತು. ‘ಆಗುವುದಿಲ್ಲ’ ಎಂಬ ಅರ್ಥದ ಆ ತುಳು ಮಾತು ಬೇರೆ ಯಾರಿಗೂ ತಿಳಿಯುತ್ತಿರಲಿಲ್ಲ, ಆದರೆ ನಮ್ಮ ಮ್ಯಾನೇಜರ್ ಪುತ್ತೂರಿನವರು. ಒಂದು ಕ್ಷಣ ಸುಮ್ಮನಿದ್ದು, “ಸರಿ, ಇಪ್ಪತ್ತು ದಿನ ತೆಗೆದುಕೊಳ್ಳಿ” ಎಂದರು. ಆ ದಿನ ಬಂಗುಡೆಯ ಕ್ರಯ ಎಷ್ಟು ಇಳಿಯಿತೋ ತಿಳಿಯದು. ನನಗಂತೂ ಐದು ದಿನ ಸಿಕ್ಕಿತು.

ಅಷ್ಟಮಿಗೆ ಮೊಸರುಕುಡಿಕೆ, ಅದರ ಬೆನ್ನಿಗೇ ಚೌತಿ. ನವರಾತ್ರಿಯಲ್ಲಿ ಹುಲಿವೇಷದವರು ತಾಸೆ ಬಡಿಯುತ್ತ ಮನೆಮನೆಗೆ ಬಂದರು; ನನ್ನ ಹಿಂದೆ ಹುಲಿಯೊಂದು ಕುಣಿಯುತ್ತಿರುವುದನ್ನು ಕ್ಯಾಮೆರಾದಲ್ಲಿ ಕಂಡ ವಿದೇಶದ ಗ್ರಾಹಕರು ಅದನ್ನು ನಾನೇ ಹಾಕಿಕೊಂಡ ಹಿನ್ನೆಲೆ ಚಿತ್ರವೆಂದು ಭಾವಿಸಿ ಮೆಚ್ಚಿಕೊಂಡರು. ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠಾಪಿಸಿದ ಕುದ್ರೋಳಿ ಗೋಕರ್ಣನಾಥನ ಸನ್ನಿಧಿಯಿಂದ ಹೊರಡುವ ದಸರಾ ಮೆರವಣಿಗೆ ಮಣ್ಣಗುಡ್ಡದ ಮೂಲಕವೇ ಸಾಗುತ್ತದೆ ಎಂಬುದನ್ನು ನಾನು ತಿಳಿದದ್ದು, ಆ ಸಂಜೆ ಅಮೆರಿಕದವರೊಂದಿಗೆ ಮಾತಿಗೆ ಕುಳಿತ ಮೇಲೆ. ನವೆಂಬರ್ ಕಳೆದ ಬಳಿಕ ಯಾರದೋ ಹರಕೆಯ ಯಕ್ಷಗಾನದ ಚೆಂಡೆ. ನಡುವೆ ಒಮ್ಮೆ ಗಾಳಿಗೆ ಹಲಸಿನ ಕೊಂಬೆ ಮುರಿದು ಇಂಟರ್ನೆಟ್ ಕೇಬಲ್ ತುಂಡಾದಾಗ, ಸರಿಪಡಿಸುವವರು ಬರುವ ಎರಡು ದಿನ ಮಾತ್ರ ನನಗೆ ನಾನು ಬಯಸಿದ್ದ ನಿಶ್ಶಬ್ದ ಸಿಕ್ಕಿತ್ತು. ಪಕ್ಕದ ಮನೆಯಲ್ಲಿ ಬೇರೆ ಕಂಪನಿಯ ಸಂಪರ್ಕವಿದ್ದಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು ಎಂದು ಆಗಲೇ ಅನಿಸಿದ್ದು.

ಮರುವರ್ಷದ ಆಟಿಯಲ್ಲಿ ಮೇಲಿನ ಮನೆ ಖಾಲಿಯಾಯಿತು. ಅದನ್ನು ನೋಡಲು ಬೆಂಗಳೂರಿನಿಂದ ಒಬ್ಬ ಯುವಕ ಬಂದ; ನನ್ನಂತೆಯೇ ಮನೆಯಿಂದ ಕೆಲಸ ಮಾಡುವವನು. ಮನೆಯೊಡತಿ ಕೊಟ್ಟ ಪತ್ರೊಡೆಯ ತಟ್ಟೆ ಹಿಡಿದುಕೊಂಡು ಜಗಲಿಯಲ್ಲಿ ನಿಂತು, ಹಲಸಿನ ಮರದಿಂದ ತೊಟ್ಟಿಕ್ಕುವ ನೀರನ್ನು ಸ್ವಲ್ಪ ಹೊತ್ತು ಆಲಿಸಿದ.

“ಇಲ್ಲಿ ಯಾವಾಗಲೂ ಹೀಗೇನಾ ಸರ್, ಇಷ್ಟು ಶಾಂತವಾಗಿರುತ್ತದಾ?” ಎಂದು ಕೇಳಿದ.

“ನಾನು ಮನೆ ನೋಡಲು ಬಂದಾಗಲೂ ಹೀಗೆಯೇ ಇತ್ತು” ಎಂದೆ. ಆಮೇಲೆ, ಅವನು ಯಾವ ಕಂಪನಿಯ ಇಂಟರ್ನೆಟ್ ಹಾಕಿಸಿಕೊಳ್ಳುತ್ತಾನೆ ಎಂದು ವಿಚಾರಿಸಿದೆ.