ಗಡಿಯಾರಕ್ಕೆ ಸೋಲುವ ಸಂಕಟ
ಆನ್‌ಲೈನ್ ಚೆಸ್‌ನಲ್ಲಿ ನನ್ನದು ನಿಧಾನದ ಆಟ: ಮಂತ್ರಿಗಳನ್ನು ಬೇಗ ವಿನಿಮಯ ಮಾಡಿಕೊಂಡು, ಒಂದು ಕಾಲಾಳಿನ ಮೇಲುಗೈಯನ್ನು ಕೊನೆಯ ಹಂತದವರೆಗೆ ಜೋಪಾನವಾಗಿ ಕೊಂಡೊಯ್ಯುವುದು ನನಗೆ ಇಷ್ಟ. ಆದರೆ ಒಬ್ಬೊಬ್ಬರಿಗೆ ಹತ್ತು ನಿಮಿಷದ ಆಟದಲ್ಲಿ ಸಮಯ ಮುಗಿದವರು ಸೋತಂತೆ; ನಡೆಗೆ ಒಂದು ಸೆಕೆಂಡನ್ನೂ ಕೂಡಿಸಿಕೊಡುವುದಿಲ್ಲವಾದ್ದರಿಂದ, ಹಲಗೆಯ ಮೇಲೆ ಸೋತವರು ಗಡಿಯಾರದ ಬಲದಿಂದ ಗೆಲ್ಲುತ್ತಾರೆ.

ನಿನ್ನೆಯೂ ಅದೇ ಆಯಿತು. ನನ್ನ ಕಾಲಾಳು ಏಳನೆಯ ಸಾಲಿನಲ್ಲಿ, ಅದರ ಮುಂದೆ ನನ್ನ ರಾಜ, ಎದುರಾಳಿಯ ರಾಜ ದೂರದಲ್ಲಿ. ಆನೆಯನ್ನು ನಾಲ್ಕನೆಯ ಸಾಲಿಗೆ ತಂದು ಚೆಕ್‌ಗಳಿಗೆ ಮರೆಯೊಡ್ಡಿದರೆ ಗೆಲುವು ಖಚಿತವೆಂದು ಲುಸೇನಾ ಸ್ಥಿತಿ ಎಂಬ ಈ ಪ್ರಸಿದ್ಧ ಕೊನೆಯಾಟವನ್ನು ಕಲಿತವರಿಗೆಲ್ಲ ಗೊತ್ತು. ಎದುರಾಳಿಯಾದರೋ ಕ್ಷಣವೂ ಯೋಚಿಸದೆ ಆನೆಯಿಂದ ಚೆಕ್ ಕೊಡುತ್ತಲೇ ಹೋದರು, ನನ್ನ ಸಮಯ ಮುಗಿಯಿತು. ಶ್ರದ್ಧೆಯಿಂದ ಕಲಿತದ್ದು ರೇಟಿಂಗ್‌ನಲ್ಲಿ ಕಾಣಿಸುವುದೇ ಇಲ್ಲ.

ಮಾಜಿ ವಿಶ್ವ ಚಾಂಪಿಯನ್ ಬಾಬಿ ಫಿಷರ್ ಪ್ರತಿ ನಡೆಗೂ ಸಮಯ ಕೂಡಿಸುವ ಗಡಿಯಾರಕ್ಕೆ 1989ರಲ್ಲಿಯೇ ಪೇಟೆಂಟ್ ಪಡೆದು, 1992ರಲ್ಲಿ ಹಳೆಯ ಎದುರಾಳಿ ಸ್ಪಾಸ್ಕಿಯೊಡನೆ ಆಡಿದ ಮರುಪಂದ್ಯದಲ್ಲಿ ಅದನ್ನೇ ಬಳಸಿದರು. ವಿಶ್ವ ರ್‍ಯಾಪಿಡ್ ಚಾಂಪಿಯನ್‌ಷಿಪ್‌ನಲ್ಲಿ 15 ನಿಮಿಷದ ಜೊತೆಗೆ ನಡೆಗೆ 10 ಸೆಕೆಂಡು ಸಿಗುತ್ತದೆ. ಜಗತ್ತಿನ ಅತ್ಯುತ್ತಮ ಆಟಗಾರರಿಗೇ ಅಗತ್ಯವೆನಿಸಿದ ಸೆಕೆಂಡುಗಳು ಕಲಿಯುವವರಿಗೆ ಬೇಡವೆ? ಆದರೆ ಆನ್‌ಲೈನ್‌ನಲ್ಲಿ ಸಮಯ ಕೂಡಿಸುವ ಆಟವನ್ನೇ ಆರಿಸಿಕೊಂಡರೆ ನನ್ನ ಮಟ್ಟದ ಎದುರಾಳಿಗಾಗಿ ಬಹಳ ಹೊತ್ತು ಕಾಯಬೇಕಾಗುತ್ತದೆ.