ಯಜಮಾನರ ಕೈಯಿಂದ ಮೈಕ್ ಇಸ್ಕೊಂಡರು

ನಿನ್ನೆ ದಾವಣಗೆರೆಯಲ್ಲಿ ಕೃಷಿ ಆವಿಷ್ಕಾರದ ಕಾರ್ಯಾಗಾರ ಅಂತ ಹೋಗಿದ್ದೆ. ಬೆಳಿಗ್ಗೆಯಿಂದ ವೇದಿಕೆ ಮೇಲಿನವರದೇ ಮಾತು. ಕೊನೆಗೆ ಜಗಳೂರು ಕಡೆಯ ಯಜಮಾನರೊಬ್ಬರು ಎದ್ದು, ಮೆಕ್ಕೆಜೋಳದ ಸುಳಿಗೆ ಮರಳು ಉದುರಿಸಿ ಫಾಲ್ ಸೈನಿಕ ಹುಳ (ಫಾಲ್ ಆರ್ಮಿವರ್ಮ್) ಹತೋಟಿಗೆ ತಂದದ್ದನ್ನ ಹೇಳೋಕೆ ಶುರು ಮಾಡಿದರು. ಎರಡು ಮಾತೂ ಆಗಿರಲಿಲ್ಲ, "ಯಜಮಾನ್ರೆ, ಪ್ರಶ್ನೆ ಇದ್ರೆ ಕೇಳ್ರಿ, ಟೈಮಿಲ್ಲ" ಅಂತ ವೇದಿಕೆಯವರು ಮೈಕ್ ಇಸ್ಕೊಂಡರು. ಯಜಮಾನರು ಸುಮ್ಮನೆ ಕೂತರು. ನನಗೆ ರಾತ್ರಿಯೆಲ್ಲ ಅದೇ ಕಣ್ಮುಂದೆ.

ಈ ಹುಳ ದೇಶದಲ್ಲೇ ಮೊದಲು ಪತ್ತೆಯಾದದ್ದು 2018ರಲ್ಲಿ, ಪಕ್ಕದ ಶಿವಮೊಗ್ಗದಲ್ಲಿ. ನಮ್ಮ ಹೊಲಕ್ಕೂ ಬಂತು. ಗೊಬ್ಬರದಂಗಡಿಯಲ್ಲಿ ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಮೂರು ಸಲ ಎಣ್ಣೆ (ಕೀಟನಾಶಕ) ಹೊಡೆಸಿದೆ. ದೊಡ್ಡ ಹುಳ ಸುಳಿಯೊಳಗೆ ತನ್ನ ಹಿಕ್ಕೆಯನ್ನೇ ಮುಚ್ಚಳ ಮಾಡ್ಕೊಂಡು ಕೂತಿರುತ್ತೆ, ಮೇಲಿಂದ ಹೊಡೆದದ್ದು ಅದಕ್ಕೆ ಸರಿಯಾಗಿ ತಾಗೋದೇ ಇಲ್ಲ. ಪಕ್ಕದ ಹೊಲದ ಅಕ್ಕ ಸಂಜೆ ಹೊತ್ತು ತವುಡು, ಬೆಲ್ಲ ಕೊಳೆಸಿ ವಿಷ ಬೆರೆಸಿದ ಪಾಷಾಣ ಸುಳಿಗೆ ಹಾಕ್ತಿದ್ದಳು. ರಾತ್ರಿ ಹುಳ ಹೊರಗೆ ಬಂದು ಅದನ್ನ ತಿನ್ನುತ್ತೆ ಅಂತ ಅವಳಿಗೆ ಗೊತ್ತಿತ್ತು. ನಾನು ಕೇಳಲಿಲ್ಲ. ನಡುವೆ ಇದ್ದದ್ದು ಒಂದು ಬದು. ಓದಿದವನು ಅನ್ನೋ ಸೊಕ್ಕು ನನಗೂ ಇತ್ತು, ಅದನ್ನ ಇಲ್ಲೇ ಒಪ್ಕೋತೀನಿ.

"ರೈತರು ಹೇಳಿದ್ದೆಲ್ಲ ನಂಬೋಕಾಗುತ್ತಾ, ಪ್ರಯೋಗ ಆಗಬೇಕಲ್ವಾ" ಅಂದರು ಊಟದ ಹೊತ್ತಲ್ಲಿ ಒಬ್ಬರು. ಆಗಲಿ, ಆಗಲೇಬೇಕು. ಆದರೆ ಮಾತೇ ಮುಗಿಸೋಕೆ ಬಿಡದಿದ್ದರೆ ಪ್ರಯೋಗ ಮಾಡೋದು ಯಾವುದನ್ನ? ಸುಳಿಗೆ ಮಣ್ಣು, ಮರಳು ಹಾಕೋದನ್ನ ಆಫ್ರಿಕಾ, ಲ್ಯಾಟಿನ್ ಅಮೆರಿಕದ ಸಣ್ಣ ರೈತರು ಮಾಡ್ತಾನೇ ಬಂದಿದ್ದಾರೆ. ಈಗ ಸರ್ಕಾರದ ಸಲಹೆಯಲ್ಲೇ ಇದೆ: 9 ಪಾಲು ಮರಳು, 1 ಪಾಲು ಸುಣ್ಣ, ಬಿತ್ತಿದ 30 ದಿನದೊಳಗೆ. ಯಜಮಾನರು ಹೇಳೋಕೆ ಹೊರಟದ್ದೂ ಇದನ್ನೇ.

ರೈತರ ಹೊಲದಲ್ಲೇ ಪರೀಕ್ಷೆ ಮಾಡೋದು ಕೃಷಿ ವಿಜ್ಞಾನ ಕೇಂದ್ರಗಳ ಕೆಲಸಗಳಲ್ಲೇ ಒಂದು. ದಾವಣಗೆರೆಯಲ್ಲಿ ತರಳಬಾಳು ಕೇಂದ್ರ ಇದೆ, ಹಿರಿಯೂರಲ್ಲಿ ಬಬ್ಬೂರು ಫಾರಂ ಇದೆ, ಹೋಬಳಿಗೊಂದು ರೈತ ಸಂಪರ್ಕ ಕೇಂದ್ರ ಇದೆ. ಆ ಸಂಪರ್ಕ ಕೇಂದ್ರದ ಮೇಜಿನ ಮೇಲೆ ಒಂದು ನೋಟ್ ಪುಸ್ತಕ ಇಡಿ. ಯಾವ ಊರು, ಎರೆನೋ ಕೆಂಪು ನೆಲನೋ, ಏನು ಮಾಡಿದರು, ಏನಾಯಿತು, ಮಾಡಿದವರ ಹೆಸರು. ಹೆಸರು ಬಿಡಬೇಡಿ. ಬೀಜ, ಗೊಬ್ಬರಕ್ಕೆ ಬಂದವರು ಎರಡು ಸಾಲು ಬರೆಸಿ ಹೋಗಲಿ, ಮುಂದಿನವರು ಓದಲಿ, ವಿಜ್ಞಾನಿಗಳು ಅದರಿಂದಲೇ ಆರಿಸಿಕೊಂಡು ಪರೀಕ್ಷೆ ಮಾಡಲಿ.

ಸಂಜೆ ಬಸ್ ಸ್ಟ್ಯಾಂಡಲ್ಲಿ ಯಜಮಾನರನ್ನ ಹುಡುಕಿ ಹಿಡಿದೆ. ಉಳಿದದ್ದು ಹೇಳಿದರು: "ಮರಳು ಒಣಗಿರ್ಬೇಕಪ್ಪ, ಹಸಿ ಇದ್ರೆ ಸುಳಿ ಸೇರಂಗಿಲ್ಲ, ಅಂಟ್ಕೊಂತೈತಿ. ಈ ಸಲ ಬಿತ್ತಿದ 20ನೇ ದಿನಕ್ಕ ಬಾ, ತೋರಿಸ್ತೀನಿ." ಹೋಗ್ತಿದ್ದೀನಿ. ಪಕ್ಕದ ಹೊಲದ ಅಕ್ಕನ್ನೂ ಕರೆದಿದ್ದೀನಿ.