ಒಂದೇ ಒಂದು ಪುಟ ಸೇರಿಸಿಬಿಡಿ

ಚಿತ್ರಪುಸ್ತಕ ಪ್ರೆಸ್ಸಿಗೆ ಹೋಗುವ ಹಿಂದಿನ ರಾತ್ರಿ ಡಿಸೈನರುಗಳಾದ ನಮಗೆ ಗಿರಾಕಿಯಿಂದ ಬಂದ ಅಪ್ಪಣೆ: "ಒಂದೇ ಒಂದು ಪುಟ ಸೇರಿಸಿಬಿಡಿ, ಅಷ್ಟೇ." ಅಷ್ಟೇನಾ? ಹಾಳೆ ಮಡಚಿ ನಡುವೆ ಪಿನ್ ಹೊಡೆಯುವ ಪುಸ್ತಕದಲ್ಲಿ ಪುಟಗಳು ನಾಲ್ಕರ ಲೆಕ್ಕದಲ್ಲೇ ಬರುತ್ತವೆ ಮಹರಾಯರೇ! 32 ಆದಮೇಲೆ 36. 33ನೇ ಪುಟವನ್ನೇನು ಗೋಂದು ಹಚ್ಚಿ ಅಂಟಿಸೋಣವೇ?

ಇನ್ನು ಆನೆಯನ್ನು "ಸ್ವಲ್ಪ ಮಧ್ಯಕ್ಕೆ" ತರಬೇಕಂತೆ. ಮಧ್ಯ ಅಂದರೆ ಎರಡು ಪುಟ ಸೇರುವ ಜಾಗ. ಅಲ್ಲಿಗೆ ತಂದರೆ ಆನೆಯ ಕಣ್ಣು ಮಡಿಕೆಯೊಳಗೆ ಮಾಯ. ಅಂಚಿನಲ್ಲಿ 3 ಮಿ.ಮೀ. ಬ್ಲೀಡ್ ಬಿಟ್ಟರೆ, "ಇದ್ಯಾಕೆ ವೇಸ್ಟ್ ಜಾಗ, ಇಲ್ಲೂ ಎರಡು ಸಾಲು ಹಾಕಿ." ಕತ್ತರಿಸಿ ಎಸೆಯುವ ಜಾಗದಲ್ಲಿ ಕತೆಯೇ?

ಬ್ರ್ಯಾಂಡಿಂಗ್ ಗೋಳು ಬೇರೆ. ವಾಟ್ಸ್ಆ್ಯಪ್‌ನಲ್ಲಿ ಹತ್ತು ಕೈ ದಾಟಿ ಬಂದ ಜೆಪೆಗ್ ಲೋಗೋ ಕಳಿಸಿ, ಇದನ್ನೇ 20 ಅಡಿ ಬ್ಯಾನರಿಗೆ ಹಾಕಿ ಅನ್ನುವುದು. ಎಷ್ಟು ಹಿಗ್ಗಿಸಿದರೂ ಒಡೆಯದ ವೆಕ್ಟರ್ ಫೈಲ್ ಕೇಳಿದರೆ ಅದೇ ಜೆಪೆಗ್ಗನ್ನು ಪಿಡಿಎಫ್‌ಗೆ ತುರುಕಿ ಕೊಡುತ್ತಾರೆ! ಫೋನಿನಲ್ಲಿ ಮಿರಮಿರ ಮಿಂಚಿದ ಗಿಳಿಹಸಿರು ಮುದ್ರಣದ ನಾಲ್ಕು ಬಣ್ಣಗಳ ಸಿಎಂವೈಕೆ ಶಾಯಿಯಲ್ಲಿ ಮಂಕಾದರೆ ತಪ್ಪು ಯಾರದ್ದು? ಡಿಸೈನರದ್ದೇ. ಪರದೆಯ ಬೆಳಕಿಗೂ ಕಾಗದದ ಶಾಯಿಗೂ ವ್ಯತ್ಯಾಸ ಇರುವುದೂ ನಮ್ಮದೇ ಪಿತೂರಿ ತಾನೇ!